ನಸುಕಿನ ಕರೆ, ಅರೆಬರೆ ನಿದ್ದೆ

ಎಸ್ಸೆಸ್ಸೆಲ್ಸಿ ಹತ್ತಿರ ಬಂತೆಂದರೆ ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯ ಮನೆಗಳಲ್ಲಿ ಐದಕ್ಕೇ ಅಲಾರಂ. ಮಗು ಮಲಗಿದ್ದು ಹನ್ನೊಂದೂವರೆಗೆ. ನಡುವಿನ ಐದೂವರೆ ತಾಸಿನಲ್ಲೂ ಮೋಟಾರು, ಮಗ್ಗ, ಸೊಳ್ಳೆ, ಸೆಕೆ, ಸೌಂಡ್ ಬಾಕ್ಸು. ಓದಿದ್ದು ತಲೆಯಲ್ಲಿ ನಿಲ್ಲುವ ಹೊತ್ತನ್ನೇ ಓದಿನ ಹೆಸರಿನಲ್ಲಿ ಕಿತ್ತುಕೊಳ್ಳುತ್ತಿದ್ದೇವೆ.

ಮಾರ್ಚ್ ತಿಂಗಳ ನಸುಕು, ಇನ್ನೂ ಐದು ಹೊಡೆದಿಲ್ಲ. ಬೈಲಹೊಂಗಲ ಕಡೆಯ ಹಳ್ಳಿಮನೆ. ಪಡಸಾಲೆಯಲ್ಲಿ ಸಾಲಾಗಿ ಮಲಗಿದವರ ನಡುವೆ ಮೊಬೈಲ್ ಹೊಡೆದುಕೊಳ್ಳುತ್ತದೆ. ಅವ್ವ ಕತ್ತಲಲ್ಲೇ ತಡಕಾಡಿ ಕಿವಿಗಿಡುತ್ತಾಳೆ. ಆ ಕಡೆ ಹೈಸ್ಕೂಲಿನ ಸರ್.

"ಅವ್ವಾರ, ಹುಡುಗ ಎದ್ದಾನೇನ್ರಿ?"

"ಎಬ್ಬಸಾಕತ್ತೇನ್ರಿ ಸರ."

ಕೌದಿ ಎಳೆದರೆ ಹುಡುಗ ಇನ್ನಷ್ಟು ಮುದುಡುತ್ತಾನೆ. "ಏಳೋ ಯಪ್ಪಾ, ಸರ್ ಫೋನ್ ಮಾಡ್ಯಾರ, ಏಳ." ಎದ್ದು ಗೋಡೆಗೆ ಒರಗುತ್ತಾನೆ. ತೊಡೆಯ ಮೇಲೆ ವಿಜ್ಞಾನದ ಪುಸ್ತಕ. ಎರಡನೇ ಸಾಲಿಗೆ ಬರುವಷ್ಟರಲ್ಲಿ ರೆಪ್ಪೆ ಕೂಡುತ್ತವೆ. ಅವನು ಮಲಗಿದ್ದು ರಾತ್ರಿ ಹನ್ನೊಂದೂವರೆಗೆ. ಅಪ್ಪನ ಜೊತೆ ಬ್ಯಾಟರಿ ಹಿಡಿದು ಕಬ್ಬಿಗೆ ನೀರು ಹಾಯಿಸಲು ಹೋಗಿದ್ದ. ತ್ರೀ ಫೇಸ್ ಕರೆಂಟು ಬಂದದ್ದೇ ಒಂಬತ್ತಕ್ಕೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಇಂಥ ಮನೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಫೋನ್ ಮಾಡುವ ಸರ್ ಕೆಟ್ಟವರೂ ಅಲ್ಲ. ತಾವೇ ನಾಲ್ಕೂವರೆಗೆ ಎದ್ದು, ಮೂವತ್ತು ನಲವತ್ತು ಮನೆಗೆ ಒಂದೊಂದಾಗಿ ಕರೆ ಮಾಡುವವರು. ರಾಜ್ಯದ ಹಲವು ಜಿಲ್ಲೆಗಳಲ್ಲಿ ಪರೀಕ್ಷೆಯ ಮುಂಚಿನ ತಿಂಗಳುಗಳಲ್ಲಿ ಇದು ನಡೆದುಬಂದಿದೆ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇದ್ದದ್ದು ಮರುವರ್ಷ ಶೇ 73.40ಕ್ಕೆ ಇಳಿದ ಮೇಲೆ ಮಾಸ್ತರರ ಮೇಲಿನ ಒತ್ತಡ ಎಷ್ಟಿರಬಹುದೆಂದು ಊಹಿಸಬಹುದು.

ಹರಿಯಾಣ ಇನ್ನೂ ಮುಂದೆ ಹೋಗಿತ್ತು. 2022ರ ಡಿಸೆಂಬರಿನಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಹತ್ತು ಮತ್ತು ಹನ್ನೆರಡನೇ ತರಗತಿಯ ಮಕ್ಕಳನ್ನು ನಸುಕಿನ ನಾಲ್ಕೂವರೆಗೆ ಎಬ್ಬಿಸಲು ಗುಡಿ, ಮಸೀದಿ, ಗುರುದ್ವಾರಗಳ ಮೈಕುಗಳ ನೆರವು ಕೇಳಿತು.

ಎಬ್ಬಿಸುವುದಕ್ಕೆ ಇಷ್ಟೆಲ್ಲ ಏರ್ಪಾಡು. ಮಲಗಿಸುವುದಕ್ಕೆ ಯಾವ ಸುತ್ತೋಲೆಯೂ ಹೊರಟದ್ದನ್ನು ನಾನು ನೋಡಿಲ್ಲ.

ರಾತ್ರಿ ನಡೆಯುವ ಕೆಲಸ

ನಿದ್ದೆಯೆಂದರೆ ಮೆದುಳು ಬಂದ್ ಆಗುವುದು ಎಂದೇ ವಿಜ್ಞಾನಿಗಳೂ ಬಹುಕಾಲ ನಂಬಿದ್ದರು. ಆ ನಂಬಿಕೆ ಅಲುಗಿದ್ದು ಒಬ್ಬ ಎಂಟು ವರ್ಷದ ಹುಡುಗನಿಂದ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಯುಜೀನ್ ಅಸೆರಿನ್ಸ್ಕಿ ಎಂಬ ಸಂಶೋಧಕ ತನ್ನ ಮಗ ಆರ್ಮಂಡ್‌ನ ಕಣ್ಣಂಚಿಗೆ ತಂತಿ ಅಂಟಿಸಿ ಮಲಗಿಸಿದ. ನಡುರಾತ್ರಿ ಯಂತ್ರದ ಲೇಖನಿ ಎಚ್ಚರವಿದ್ದವರ ಕಣ್ಣಿನಂತೆ ಓಡತೊಡಗಿತು. ಹೋಗಿ ನೋಡಿದರೆ ಹುಡುಗ ಗಾಢ ನಿದ್ದೆಯಲ್ಲಿದ್ದ; ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರನೆ ಹೊರಳುತ್ತಿದ್ದವು. 1953ರಲ್ಲಿ ಅಸೆರಿನ್ಸ್ಕಿ ಮತ್ತು ಆತನ ಗುರು ನಥಾನಿಯಲ್ ಕ್ಲೈಟ್‌ಮನ್ ಇದನ್ನು ಪ್ರಕಟಿಸಿದರು. ನಾವು ಕನಸಿನ ನಿದ್ದೆ ಎನ್ನುವುದು ಇದನ್ನೇ.

ಈಗ ಗೊತ್ತಿರುವುದು ಇಷ್ಟು: ರಾತ್ರಿಯ ನಿದ್ದೆ ಸುತ್ತುಸುತ್ತಾಗಿ ಬರುತ್ತದೆ. ಮೊದಲ ಕೆಲವು ತಾಸುಗಳಲ್ಲಿ ಗಾಢ ನಿದ್ದೆಯ ಪಾಲು ದೊಡ್ಡದು. ಮಗುವನ್ನು ಬೆಳೆಸುವ ಹಾರ್ಮೋನು ಹೆಚ್ಚು ಸುರಿಯುವುದು ಆಗಲೇ. ಬೆಳಗು ಹತ್ತಿರವಾದಂತೆ ಕನಸಿನ ನಿದ್ದೆಯ ಪಾಲು ಹಿಗ್ಗುತ್ತದೆ. ಹಗಲಿನ ಅಂಜಿಕೆ, ಅವಮಾನ, ಸಿಟ್ಟು ಮೆತ್ತಗಾಗುವುದರಲ್ಲಿ ಅದರ ಪಾತ್ರ ದೊಡ್ಡದೆಂದು ಸಂಶೋಧಕರು ಹೇಳುತ್ತಾರೆ. ಸಂತೆ ಮುಗಿದ ಮೇಲೆ ಅಂಗಡಿಯವನು ಕೂತು ಲೆಕ್ಕ ಬರೆಯುವಂತೆ, ಹಗಲು ಕಲಿತದ್ದರಲ್ಲಿ ಯಾವುದು ಇಟ್ಟುಕೊಳ್ಳುವುದು, ಯಾವುದು ಬಿಡುವುದು ಎಂಬುದನ್ನು ಮೆದುಳು ನಿದ್ದೆಯಲ್ಲಿ ವಿಂಗಡಿಸುತ್ತದೆ. 1924ರಷ್ಟು ಹಿಂದೆಯೇ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್, ಕಂಠಪಾಠ ಮಾಡಿ ಮಲಗಿದವರು ಎಚ್ಚರವಿದ್ದವರಿಗಿಂತ ಕಡಿಮೆ ಮರೆಯುತ್ತಾರೆಂದು ತೋರಿಸಿದ್ದರು.

ಹನ್ನೊಂದೂವರೆಗೆ ಮಲಗಿದವನನ್ನು ಐದಕ್ಕೆ ಎಬ್ಬಿಸಿದರೆ ಕತ್ತರಿ ಬೀಳುವುದು ಕೊನೆಯ ತಾಸುಗಳಿಗೆ. ಅಂದರೆ ಮನಸ್ಸು ತಿಳಿಯಾಗುವ ಪಾಲಿಗೆ. ಅಂಥ ಹುಡುಗ ಮರುದಿನ ತೂಕಡಿಸುತ್ತಾನೆಂದು ನಾವು ಕಾಯುತ್ತೇವೆ. ಸಣ್ಣ ಮಕ್ಕಳಲ್ಲಿ ಆಗುವುದು ಹಲವು ಸಲ ಉಲ್ಟಾ: ಒಂದೆಡೆ ಕೂಡುವುದಿಲ್ಲ, ಪಕ್ಕದವನನ್ನು ತಿವಿಯುತ್ತಾರೆ, ಸಣ್ಣದಕ್ಕೆ ಅಳುತ್ತಾರೆ, ಲೆಕ್ಕ ಅರ್ಧಕ್ಕೆ ಬಿಡುತ್ತಾರೆ. "ಭಾಳ ಕಿಡಿಗೇಡಿ ಅದಾನ್ರಿ" ಎಂಬ ದೂರು ಮನೆಗೆ ಬರುತ್ತದೆ. ಆ ದೂರಿನ ಬುಡದಲ್ಲಿ ನಿದ್ದೆ ಇದೆಯೇನೋ ಎಂದು ಕೇಳುವವರು ಕಡಿಮೆ.

ಇಸ್ರೇಲಿನ ಆವಿ ಸಾದೆ ಇದನ್ನು ಸರಳವಾಗಿ ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ಅಧ್ಯಯನ. ನಾಲ್ಕನೇ ಮತ್ತು ಆರನೇ ತರಗತಿಯ 77 ಮಕ್ಕಳು. ಮೂರೇ ರಾತ್ರಿ ಕೆಲವರಿಗೆ ಒಂದು ತಾಸು ಬೇಗ ಮಲಗಲು, ಉಳಿದವರಿಗೆ ಒಂದು ತಾಸು ತಡವಾಗಿ ಮಲಗಲು ಹೇಳಿದರು. ಗಮನ ಮತ್ತು ನೆನಪಿನ ಪರೀಕ್ಷೆಯಲ್ಲಿ ಎರಡು ಗುಂಪುಗಳ ನಡುವೆ ಬಿದ್ದ ಅಂತರ ಎರಡು ತರಗತಿಗಳ ಅಂತರಕ್ಕೆ ಹತ್ತಿರವಿತ್ತು. ನಿದ್ದೆಗೆಟ್ಟ ಆರನೆತ್ತೆಯವನು ನಾಲ್ಕನೆತ್ತೆಯವನ ಮಟ್ಟಕ್ಕೆ ಇಳಿದಿದ್ದ.

ಚೌಕಟ್ಟು: ಯಾರಿಗೆ ಎಷ್ಟು ತಾಸು?
4ರಿಂದ 12 ತಿಂಗಳು: 12–16
1–2 ವರ್ಷ: 11–14
3–5 ವರ್ಷ: 10–13
6–12 ವರ್ಷ: 9–12
13–18 ವರ್ಷ: 8–10
(ಐದು ವರ್ಷದವರೆಗೆ ಹಗಲು ನಿದ್ದೆಯೂ ಸೇರಿ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದ ಲೆಕ್ಕ.)

ನಮ್ಮ ಐದು ಗಂಟೆ ಎಂದರೆ ನಾಲ್ಕೂವರೆ

ಈ ಸೀಮೆಗೆ ಇನ್ನೊಂದು ತೊಡಕಿದೆ. ಅದು ಯಾರ ತಪ್ಪೂ ಅಲ್ಲ, ಭೂಗೋಳದ್ದು. 1906ರಿಂದ ಇಡೀ ದೇಶಕ್ಕೆ ಒಂದೇ ಗಡಿಯಾರ; ಅದರ ಲೆಕ್ಕ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಬೈಲಹೊಂಗಲ, ಸವದತ್ತಿ ಇರುವುದು 75 ಡಿಗ್ರಿಯ ಆಚೀಚೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿನ ಸೂರ್ಯ ಗಡಿಯಾರಕ್ಕಿಂತ ಅರ್ಧ ತಾಸು ಹಿಂದೆ. ಕೋಲ್ಕತ್ತದಲ್ಲಿ ಬೆಳಕು ಹರಿದು ಐವತ್ತು ನಿಮಿಷ ಕಳೆದ ಮೇಲೆ ಇಲ್ಲಿ ಬೆಳಕು. ಮಾರ್ಚ್ ನಡುವೆ ಬೈಲಹೊಂಗಲದಲ್ಲಿ ಹೊತ್ತು ಮೂಡುವಾಗ ಗಡಿಯಾರ ಆರೂವರೆ ದಾಟಿರುತ್ತದೆ. ಜನವರಿಯಲ್ಲಿ ಏಳರ ಸುಮಾರು. ಗಡಿಯಾರ ಐದು ಹೊಡೆದಾಗ ಮಗುವಿನ ಮೈಗೆ ಅದು ನಾಲ್ಕೂವರೆ.

ಈ ಭಾಗದ ಬಹುಪಾಲು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಮುಂಬಯಿ ಪಟ್ಟಣ ಈ ಹೊಸ ಗಡಿಯಾರಕ್ಕೆ ಸುಲಭವಾಗಿ ಬಗ್ಗಲಿಲ್ಲ. 39 ನಿಮಿಷ ಹಿಂದಿದ್ದ ತನ್ನ ಸ್ಥಳೀಯ ವೇಳೆಯನ್ನು ದಶಕಗಳವರೆಗೆ ಉಳಿಸಿಕೊಂಡಿತ್ತು. ಪಡುವಣದ ಜನಕ್ಕೆ ಅದು ಸುಮ್ಮನೆ ಹಟ ಆಗಿರಲಿಲ್ಲ ಎಂದೇ ನನಗನ್ನಿಸುತ್ತದೆ.

ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿ ಇದೇ ಎಳೆ ಹಿಡಿದು ಭಾರತದ ಮಕ್ಕಳ ದಿನಚರಿ ಜಾಲಾಡಿದ್ದಾರೆ. ಹೊತ್ತು ತಡವಾಗಿ ಮುಳುಗುವ ಕಡೆ ಮಕ್ಕಳು ತಡವಾಗಿ ಮಲಗುತ್ತಾರೆ. ಶಾಲೆಯ ಗಂಟೆ ಮಾತ್ರ ಎಲ್ಲ ಕಡೆಯೂ ಒಂದೇ ಹೊತ್ತಿಗೆ. ಸೂರ್ಯ ಒಂದು ತಾಸು ತಡವಾಗಿ ಮುಳುಗಿದರೆ ಮಕ್ಕಳ ನಿದ್ದೆಯಲ್ಲಿ ಸುಮಾರು ಅರ್ಧ ತಾಸು ಖೋತಾ ಎಂದು ಅವರು ಕಂಡುಕೊಂಡರು. ಅಂಥ ಕಡೆ ಮಕ್ಕಳು ಓದಿ ಮುಗಿಸುವ ವರ್ಷಗಳೂ ಕಡಿಮೆ. ಪೆಟ್ಟು ಹೆಚ್ಚು ಬಿದ್ದದ್ದು ಬಡವರ ಮಕ್ಕಳಿಗೆ.

ಹದಿಹರೆಯದವರ ಮೈಗಡಿಯಾರ ಬೇರೆ ಹಿಂದೆ ಸರಿಯುತ್ತದೆ. ಅಮೆರಿಕದ ಮೇರಿ ಕಾರ್ಸ್‌ಕಡನ್ 1970ರ ದಶಕದಿಂದ ಮಕ್ಕಳನ್ನು ಬೇಸಿಗೆ ಶಿಬಿರಗಳಲ್ಲಿ ಮಲಗಿಸಿ ಗಮನಿಸಿದವರು. ದೊಡ್ಡವರಾದಂತೆ ನಿದ್ದೆಯ ಬೇಡಿಕೆ ಇಳಿಯುತ್ತದೆಂಬ ನಂಬಿಕೆ ಅಲ್ಲಿ ಬಿತ್ತು. ಹದಿನೈದರ ಹುಡುಗನಿಗೂ ಒಂಬತ್ತು ತಾಸಿನ ಆಸುಪಾಸು ನಿದ್ದೆ ಬೇಕು. ಆದರೆ ನಿದ್ದೆ ತರುವ ಮೆಲಟೋನಿನ್ ಅವನ ಮೈಯಲ್ಲಿ ಸಣ್ಣವರಿಗಿಂತ ತಡವಾಗಿ ಏರುತ್ತದೆ. ಹತ್ತಾದರೂ ಕಣ್ಣು ಎಳೆಯುವುದಿಲ್ಲ ಎಂದು ಅವನು ಹೇಳಿದರೆ ಅದು ಸೊಕ್ಕಲ್ಲ.

"ನಾವೆಲ್ಲ ನಾಲ್ಕಕ್ಕ ಏಳತಿದ್ವಿ" ಎಂದು ಅಜ್ಜ ಹೇಳುವುದೂ ನಿಜ. ಅಜ್ಜ ಎಂಟಕ್ಕೆ ಉಂಡು, ಕಂದೀಲು ಸಣ್ಣದು ಮಾಡಿ, ಮಾಳಿಗೆಯ ಮೇಲೆ ಚಾಪೆ ಹಾಸಿ ಎಂಟೂವರೆಗೆ ಮಲಗಿದ್ದ. ನಾವು ಅವನಿಂದ ಏಳುವ ಹೊತ್ತನ್ನು ಮಾತ್ರ ಎತ್ತಿಕೊಂಡು ಮಲಗುವ ಹೊತ್ತನ್ನು ಬಿಟ್ಟುಬಿಟ್ಟೆವು.

ಕರೆಂಟು ಬಂದಾಗ ಎಚ್ಚರ

ಮಗುವಿನ ನಿದ್ದೆ ಮಗುವಿನ ಕೈಯಲ್ಲಿಲ್ಲ. ಈ ಸೀಮೆಯಲ್ಲಿ ಅದನ್ನು ನಿರ್ಧರಿಸುವವರು ಬೇರೆಯೇ ಇದ್ದಾರೆ.

ಮೊದಲನೆಯದು ಪಂಪ್‌ಸೆಟ್ಟಿನ ಕರೆಂಟು. ದಿನಕ್ಕೆ ಏಳು ತಾಸು ತ್ರೀ ಫೇಸ್ ಕೊಡುವುದು ಸರ್ಕಾರದ ನೀತಿ. ಹಲವು ಕಡೆ ಅದರಲ್ಲಿ ಒಂದಷ್ಟು ರಾತ್ರಿ ಪಾಳಿಗೆ ಬೀಳುತ್ತದೆ. ಅಪ್ಪ ಎದ್ದು ಹೋಗುತ್ತಾನೆ, ಹಾವಿನ ಅಂಜಿಕೆಗೆ ಜೊತೆಗೊಬ್ಬ ಮಗ. ಹಗಲು ತ್ರೀ ಫೇಸ್ ಕೊಡಿ ಎಂಬ ರೈತರ ಬೇಡಿಕೆ ಹಳೆಯದು. ಅದು ಮಕ್ಕಳ ಶಾಲೆಯ ಬೇಡಿಕೆಯೂ ಹೌದು.

ರಾಮದುರ್ಗ, ಸುರೇಬಾನದ ನೇಕಾರರ ಓಣಿಯಲ್ಲಿ ಪವರ್‌ಲೂಮ್ ಇರುವುದು ಮನೆಯೊಳಗೇ. ಒಂದು ಗೋಡೆಯ ಆಚೆ ಮಗ್ಗ, ಈಚೆ ಹಾಸಿಗೆ. ಸೀರೆ ಮುಗಿಸಿ ಕೊಡುವ ಗಡುವಿದ್ದರೆ ರಾತ್ರಿಯೂ ಓಡುತ್ತದೆ. "ರೂಢಿ ಆಗೇತ್ರಿ, ಹುಡುಗೂರು ಹಂಗ ಮಲಗತಾವು" ಎನ್ನುತ್ತಾರೆ. ಮಲಗುವುದೇನೋ ಹೌದು. ಆದರೆ ಸದ್ದಿನ ನಡುವೆ ಮಲಗಿದ ಮೈ ಪೂರ್ತಿ ಎಚ್ಚರಾಗದೆಯೇ ಗಾಢ ನಿದ್ದೆಯಿಂದ ಹಗುರ ನಿದ್ದೆಗೆ ಮೇಲೇಳುತ್ತಲೇ ಇರುತ್ತದೆ. ಬೆಳಿಗ್ಗೆ ಅದು ನೆನಪಿರುವುದಿಲ್ಲ, ದಣಿವು ಮಾತ್ರ ಉಳಿದಿರುತ್ತದೆ.

ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳ ಹಾಡು ನಡುರಾತ್ರಿಯೂ ಊರು ದಾಟುತ್ತದೆ. ಅದೇ ಕಬ್ಬು ಕಡಿಯಲು ಬೀಡ್ ಕಡೆಯಿಂದ, ವಿಜಯಪುರದ ಕಡೆಯಿಂದ ಬರುವ ಗ್ಯಾಂಗುಗಳ ಮಕ್ಕಳು ಗುಡಿಸಲಲ್ಲಿ, ಚಳಿಯಲ್ಲಿ ಮಲಗುತ್ತಾರೆ. ನಸುಕಿಗೇ ತಾಯಿ ಕಡಿತಕ್ಕೆ ಹೊರಟರೆ ಕೂಸನ್ನು ಎತ್ತಿಕೊಳ್ಳಲು ಏಳಬೇಕಾದವಳು ಎಂಟು ಹತ್ತು ವರ್ಷದ ಅಕ್ಕ. ನಿದ್ದೆಯ ವಿಷಯದಲ್ಲಿ ಈ ಸೀಮೆಯ ಅತಿ ಬಡ ಮಗು ಅವಳು. ಅವಳ ಹೆಸರು ಯಾವ ಶಾಲೆಯ ಕರೆ ಪಟ್ಟಿಯಲ್ಲೂ ಸಿಗುವುದು ಕಷ್ಟ.

ಸೆಕೆಯನ್ನೂ ಮರೆಯಬಾರದು. ಮಣ್ಣಿನ ಮಾಳಿಗೆ ಹೋಗಿ ಪತ್ರಾಸು ಬಂತು, ಆರ್‌ಸಿಸಿ ಬಂತು. ಏಪ್ರಿಲ್‌ನಲ್ಲಿ ಹಗಲು ಕಾದ ಸಿಮೆಂಟು ನಡುರಾತ್ರಿಯವರೆಗೆ ಕಾವು ಉಗುಳುತ್ತದೆ. ಒಳ್ಳೆಯ ನಿದ್ದೆ ಬರಬೇಕಾದರೆ ಮೈ ತುಸು ತಂಪಾಗಬೇಕು.

ಚೆನ್ನೈನ ದುಡಿಯುವ ಬಡವರ ನಡುವೆ ಪೆಡ್ರೊ ಬೆಸೋನೆ ಮತ್ತು ಸಂಗಡಿಗರು ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ದೊಡ್ಡವರದ್ದು, ಆದರೂ ಇಲ್ಲಿ ಹೇಳಲೇಬೇಕು. ಜನ ಹಾಸಿಗೆಯಲ್ಲಿ ಕಳೆದದ್ದು ಎಂಟು ತಾಸು; ಕೈಗೆ ಕಟ್ಟಿದ ಯಂತ್ರ ಲೆಕ್ಕ ಹಾಕಿದ ನಿದ್ದೆ ಐದೂವರೆ ತಾಸು. ಉಳಿದದ್ದು ಸೆಕೆ, ಸದ್ದು, ಸೊಳ್ಳೆಗಳ ಪಾಲು. ಅಲ್ಲಿ ಕೆಲಸಕ್ಕೆ ನೆರವಾದದ್ದು ಮಧ್ಯಾಹ್ನದ ಅರ್ಧ ತಾಸಿನ ಜೊಂಪು. ಅಂಗನವಾಡಿಯಲ್ಲಿ ಉಂಡ ಮೇಲೆ ಕೂಸುಗಳನ್ನು ಚಾಪೆಯ ಮೇಲೆ ಮಲಗಿಸುವ ಅಕ್ಕ "ಏನೂ ಕಲಿಸುವುದಿಲ್ಲ" ಎಂದು ದೂರುವ ಪಾಲಕರು ಇದನ್ನು ತಿಳಿಯಬೇಕು. ಮಧ್ಯಾಹ್ನ ಮಲಗಿದ ಸಣ್ಣ ಮಕ್ಕಳು ಬೆಳಿಗ್ಗೆ ಕಲಿತದ್ದನ್ನು ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆಂದು ಅಮೆರಿಕದ ರೆಬೆಕ್ಕಾ ಸ್ಪೆನ್ಸರ್ ತಂಡ 2013ರಲ್ಲಿ ತೋರಿಸಿದೆ.

ಚೌಕಟ್ಟು: ತೊಟ್ಟಿಲು ಮತ್ತು ಜಿನೀವಾ
ಬಾಣಂತಿಯ ತವರಿನಿಂದ ಬರುವ ಕಲಘಟಗಿಯ ಬಣ್ಣದ ತೊಟ್ಟಿಲು ಈ ಭಾಗದ ಹೆಮ್ಮೆ. 2019ರಲ್ಲಿ ಜಿನೀವಾದ ಸಂಶೋಧಕರು 18 ಯುವಕ ಯುವತಿಯರನ್ನು ರಾತ್ರಿಯಿಡೀ ಮೆಲ್ಲಗೆ ತೂಗುವ ಮಂಚದಲ್ಲಿ ಮಲಗಿಸಿದರು. ನಿದ್ದೆ ಬೇಗ ಹತ್ತಿತು, ಗಾಢ ನಿದ್ದೆ ಹೆಚ್ಚಿತು, ಬೆಳಿಗ್ಗೆ ನೆನಪಿನ ಪರೀಕ್ಷೆಯಲ್ಲೂ ಚೆನ್ನಾಗಿ ಮಾಡಿದರು.

ಮೈಯೊಳಗಿನ ಕಳ್ಳರು

ನಿದ್ದೆ ಕೆಡಿಸುವುದರಲ್ಲಿ ಮೊಬೈಲಿಗೆ ಸಿಕ್ಕ ಬೈಗುಳ ಬೇರಾವುದಕ್ಕೂ ಸಿಕ್ಕಿಲ್ಲ. ಅದು ಬಹುಮಟ್ಟಿಗೆ ಸರಿಯೇ. ಕಣ್ಣ ಸಮೀಪದ ಬೆಳಕು ಮೆಲಟೋನಿನ್ ಏರುವುದನ್ನು ತಡೆಯುತ್ತದೆ, ಒಂದಾದ ಮೇಲೊಂದು ಬರುವ ರೀಲು ಬಿಡಲೊಲ್ಲದು. ಸಂಜೆ ಆರರ ಚಾಕ್ಕೂ ಪಾಲಿದೆ. ಈ ಕಡೆ ನಾಲ್ಕು ವರ್ಷದ ಕೂಸಿಗೂ ಬಸಿಯಲ್ಲಿ ಚಾ ಹುಯ್ದು ಕೊಡುತ್ತೇವೆ. ಅದರ ಕೆಫೀನ್ ಮೈಯಿಂದ ಅರ್ಧ ಇಳಿಯಲು ತಾಸುಗಟ್ಟಲೆ ಬೇಕು.

ಯಾರೂ ಬೈಯದ ಕಾರಣಗಳು ಬೇರೆ ಇವೆ. ಮಗು ರಾತ್ರಿ ಹೊರಳಾಡುತ್ತದೆ, ಹಿಂದೆ ಕೆರೆದುಕೊಳ್ಳುತ್ತದೆ, ಅಳುತ್ತ ಏಳುತ್ತದೆ. ಹಲ್ಲು ಕಡಿತ, ದೃಷ್ಟಿ, ಅಂಜಿಕೆ ಎಂದೆಲ್ಲ ಮಾತಾಗುತ್ತದೆ. ಬಹಳ ಸಲ ಅದು ದಾರದಂಥ ಸಣ್ಣ ಬಿಳಿ ಹುಳು. ಹೆಣ್ಣು ಹುಳು ರಾತ್ರಿ ಗುದದ ಸುತ್ತ ಬಂದು ಮೊಟ್ಟೆ ಇಡುತ್ತದೆ, ತುರಿಕೆ ಆಗಲೇ. ಬ್ಯಾಟರಿ ಹಾಕಿ ನೋಡಿದರೆ ಕಂಡೀತು. ಶಾಲೆ, ಅಂಗನವಾಡಿಗಳಲ್ಲಿ ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ಈ ಹುಳುವಿಗೂ ಔಷಧ. ಆದರೆ ಮನೆಮಂದಿಗೆಲ್ಲ ಒಟ್ಟಿಗೆ ಕೊಟ್ಟು, ಉಗುರು ಕತ್ತರಿಸಿ, ಹಾಸಿಗೆ ಬಿಸಿಲಿಗೆ ಹಾಕದಿದ್ದರೆ ಮತ್ತೆ ಬರುತ್ತದೆ.

ರಕ್ತಹೀನತೆ ಇನ್ನೊಂದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತ ಕಡಿಮೆ. ಕಬ್ಬಿಣದಂಶ ಕಡಿಮೆಯಾದ ಕೆಲವು ಮಕ್ಕಳಿಗೆ ಮಲಗಿದ ಮೇಲೆ ಕಾಲಲ್ಲಿ ಏನೋ ಹರಿದಂತೆ ಆಗುತ್ತದೆ, ಕಾಲು ಒದರುತ್ತಲೇ ಇರುತ್ತಾರೆ. "ಕಾಲ ಒತ್ತಬೇ ಅವ್ವಾ" ಎಂದು ದಿನಾ ರಾತ್ರಿ ಕೇಳುವ ಮಗುವಿನ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಬಾಯಿ ತೆರೆದು ದಿನಾ ಗೊರಕೆ ಹೊಡೆಯುವ ಮಗುವನ್ನು "ಎಷ್ಟ ಚಂದ ನಿದ್ದಿ ಮಾಡತೈತಿ" ಎಂದು ಮೆಚ್ಚುವ ಮನೆಗಳನ್ನು ಕಂಡಿದ್ದೇನೆ. ಟಾನ್ಸಿಲ್, ಅಡೆನಾಯ್ಡ್ ಊದಿ ಉಸಿರು ನಡುನಡುವೆ ಕಟ್ಟುತ್ತಿರಬಹುದು. ಇಂಥ ಮಗು ಹಾಸಿಗೆ ಒದ್ದೆ ಮಾಡುವುದೂ ಉಂಟು, ಅದಕ್ಕೆ ಏಟು ತಿನ್ನುವುದೂ ಉಂಟು. ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿದರೆ ದಾರಿ ಸಿಗುತ್ತದೆ.

ಜಾತ್ರೆಯ ರಾತ್ರಿಯನ್ನು ಬಿಟ್ಟುಕೊಡಬೇಕಿಲ್ಲ

ಇಷ್ಟು ಹೇಳಿದ ಮೇಲೆ ಒಂದು ಮಾತು ಸ್ಪಷ್ಟವಾಗಲಿ. ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಮಗು, ಊರ ಜಾತ್ರೆಯಲ್ಲಿ ಬೆಳತನಕ ಸಣ್ಣಾಟ ನೋಡುವ ಮಗು ಆ ನಿದ್ದೆಯನ್ನು ಎರಡು ದಿನದಲ್ಲಿ ತೀರಿಸಿಕೊಳ್ಳುತ್ತದೆ. ವರ್ಷಕ್ಕೊಂದೆರಡು ಅಂಥ ರಾತ್ರಿಗಳು ಬಾಲ್ಯದ ಆಸ್ತಿ. ಕೆಡಿಸುವುದು ದಿನನಿತ್ಯದ ಒಂದು ತಾಸು, ಎರಡು ತಾಸಿನ ಸಾಲ.

ಆ ಸಾಲ ಈಗ ಐದನೇ ತರಗತಿಗೇ ಶುರುವಾಗುತ್ತಿದೆ. ನವೋದಯ, ಸೈನಿಕ ಶಾಲೆ, ಮೊರಾರ್ಜಿ, 1969ರಲ್ಲಿ ಶುರುವಾದ ಕಿತ್ತೂರು ರಾಣಿ ಚನ್ನಮ್ಮ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ — ಇವುಗಳ ಪ್ರವೇಶ ಪರೀಕ್ಷೆಗೆ ಕೋಚಿಂಗ್ ಬೋರ್ಡು ಇಲ್ಲದ ಪಟ್ಟಣ ಈ ಕಡೆ ಇಲ್ಲ. ಒಂಬತ್ತು, ಹತ್ತು ವರ್ಷದ ಕೂಸುಗಳು ನಸುಕಿಗೆ ಎದ್ದು ಪ್ರಶ್ನೆಪತ್ರಿಕೆ ಬಿಡಿಸಿ, ರಾತ್ರಿ ಹತ್ತಕ್ಕೂ ಬಿಡಿಸುತ್ತಿರುತ್ತವೆ. ಆ ವಯಸ್ಸಿಗೆ ಕನಿಷ್ಠ ಒಂಬತ್ತು ತಾಸು ನಿದ್ದೆ ಬೇಕು. ಬಾಲಕಿ ಸೈನಿಕ ಶಾಲೆಗೆ ಸೇರಲಿ ಎಂಬ ಆಸೆ ದೊಡ್ಡದು. ಆ ಆಸೆಗಾಗಿ ಅವಳ ಎತ್ತರವನ್ನೂ ನೆನಪನ್ನೂ ನಗುವನ್ನೂ ಸವೆಸಬೇಕಾಗಿಲ್ಲ.

ಪಕ್ಕದ ಮಹಾರಾಷ್ಟ್ರ ಒಂದು ಹೆಜ್ಜೆ ಇಟ್ಟಿತು. ಮಕ್ಕಳ ನಿದ್ದೆಯ ಬಗ್ಗೆ ಅಂದಿನ ರಾಜ್ಯಪಾಲ ರಮೇಶ್ ಬೈಸ್ 2023ರ ಡಿಸೆಂಬರಿನಲ್ಲಿ ಮಾತೆತ್ತಿದರು. 2024ರ ಫೆಬ್ರುವರಿಯಲ್ಲಿ ನಾಲ್ಕನೇ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಶುರುವಾಗಬಾರದೆಂದು ಆದೇಶ ಬಂತು. ಅಮೆರಿಕದ ಸಿಯಾಟಲ್ ನಗರ 2016ರಲ್ಲಿ ಹೈಸ್ಕೂಲಿನ ಗಂಟೆಯನ್ನು 7.50ರಿಂದ 8.45ಕ್ಕೆ ಸರಿಸಿದಾಗ ಮಕ್ಕಳಿಗೆ ದಿನಕ್ಕೆ 34 ನಿಮಿಷ ಹೆಚ್ಚು ನಿದ್ದೆ ಸಿಕ್ಕಿತು.

ನಮ್ಮ ಸರ್ಕಾರಿ ಶಾಲೆಗಳ ಗಂಟೆ ಹತ್ತರ ಸುಮಾರಿಗಿದೆ. ನಿದ್ದೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ವೇಳೆ ಬೇಕಿಲ್ಲ. ಅಂಥ ಅನುಕೂಲವನ್ನು ಐದರ ಕರೆಯಲ್ಲಿ ಕಳೆದುಕೊಳ್ಳುವುದು ನೋವಿನ ಸಂಗತಿ. ಮಾಸ್ತರರು ಕರೆ ಮಾಡಲಿ. ರಾತ್ರಿ ಒಂಬತ್ತೂವರೆಗೆ ಮಾಡಲಿ. "ಮೊಬೈಲ್ ನಿಮ್ಮ ಕೈಯಾಗ ತಗೋರಿ, ಹುಡುಗನ್ನ ಮಲಗಸ್ರಿ, ಆರೂವರಿಗೆ ಎಬ್ಬಸ್ರಿ" ಎಂದು ಹೇಳಲಿ. ಎಂಟೂವರೆ ತಾಸು ಮಲಗಿ ಎದ್ದವನಿಗೆ ಶಾಲೆಗೆ ಹೊರಡುವ ಮುಂಚೆ ಓದಲು ಎರಡು ತಾಸು ಉಳಿದಿರುತ್ತದೆ, ಕಣ್ಣೂ ತೆರೆದಿರುತ್ತದೆ.

ಉಳಿದದ್ದು ಊರಿನ ಕೆಲಸ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಮೀರಿದರೆ 112ಕ್ಕೆ ಕರೆ ಮಾಡಬಹುದು. ಪ್ರತಿ ವರ್ಷ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯಬೇಕು. ಅಲ್ಲಿ ಮಕ್ಕಳು ಕಾಂಪೌಂಡು, ಶೌಚಾಲಯ, ಆಟದ ಮೈದಾನ ಕೇಳುತ್ತಾರೆ. ಈ ಸಲ ಹಗಲು ತ್ರೀ ಫೇಸ್, ಹತ್ತರ ನಂತರ ಸೌಂಡ್ ಬಾಕ್ಸ್ ಬಂದ್, ಗುಂಡಿಗಳ ನೀರಿಗೆ ಸೊಳ್ಳೆ ಔಷಧ, ಕಬ್ಬಿನ ಗ್ಯಾಂಗಿನ ಮಕ್ಕಳಿಗೆ ಹಂಗಾಮಿನ ಶಾಲೆ ಇವನ್ನೂ ಕೇಳುವಂತೆ ಮಕ್ಕಳಿಗೆ ಮೊದಲೇ ತಿಳಿಹೇಳಬೇಕು. ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ, ಅದರ ಮೇಲೆ ಏನು ಮಾಡಿದೆವೆಂದು ಅಧ್ಯಕ್ಷರೂ ಪಿಡಿಒ ಅವರೂ ಮುಂದಿನ ಸಭೆಯಲ್ಲಿ ಆ ಮಕ್ಕಳಿಗೇ ಉತ್ತರ ಕೊಡಬೇಕು.